ಕೋವಿಯ ಮೇಲಿನ ಗೂಡು

ಬಾಲವಿಲ್ಲದವರನ್ನು ನಮ್ಮ ಮಾವ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ! ಮನೆಗೆ ನೆಂಟರು ಬಂದರೆ ‘ಹೂಂ’ ಎನ್ನುವರು. ಅಂಗಳಕ್ಕೆ ಮುಂಗುಸಿ ಬಂದರೆ ಎದ್ದು ನಿಲ್ಲುವರು. ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಮಲಯಾಳ ಸೀಮೆಯ ಪೆರಿಕಲ್ಲೂರಿನಲ್ಲಿ, ಕಬಿನಿಯ ಈಚೆ ದಡದಲ್ಲಿ ಅವರ ಹೊಲ, ಮನೆ. ಅಪ್ಪ ತೀರಿದ ಮೇಲೆ ನಾನೂ ಆ ಮನೆಯಲ್ಲೇ ಬೆಳೆದೆ, ಬಾಲವಿಲ್ಲದಿದ್ದರೂ!

ಒಮ್ಮೆ ಅತ್ತೆ ಅವರನ್ನು ಹಂದಿ ಓಡಿಸಲೆಂದು ಮರಗೆಣಸಿನ ಹೊಲಕ್ಕೆ ಅಟ್ಟಿದರು. ಬಿಸಿಲೇರುವಾಗ ಮಾವ ಹಿಗ್ಗುತ್ತ ಬಂದರು.

“ಏಳು ಮರಿ ಕಣೇ! ಅವ್ವನ ಹಿಂದೆ ಸಾಲಾಗಿ, ಇಸ್ಕೂಲ್ ಮಕ್ಕಳ ಹಂಗೆ!”

“ಗೆಣಸು?”

“ಮೊದ್ಲು ಮರಿಗಳಿಗೆ ಬಿಟ್ಟು, ಆಮೇಲೆ ಅವ್ವ ತಿಂತು. ಏನ್ ಶಿಸ್ತು ಅಂತೀಯ!”

ಅಂದು ಮಧ್ಯಾಹ್ನ ಅತ್ತೆ ಅವರಿಗೆ ಬರೀ ಗಂಜಿ ಬಡಿಸಿ, “ಇದೂ ಶಿಸ್ತೇಯ, ಉಣ್ಣಿ” ಎಂದರು.

ನನ್ನನ್ನು ನೋಡಲು ಕೇಣಿಚಿರದಿಂದ ಗಂಡಿನವರು ಬಂದ ದಿನವಂತೂ ಕೇಳಲೇಬೇಡಿ. ಹುಡುಗಿ ಎಲ್ಲಿಗೂ ಓಡಿಹೋಗುವುದಿಲ್ಲ, ನೀರುನಾಯಿ ಹೋಗಿಬಿಡುತ್ತದೆ ಎಂದು ಮಾವ ಅವರನ್ನು ಬಸ್ಸಿಳಿದಲ್ಲಿಂದಲೇ ಹೊಳೆಗೆ ಕರೆದೊಯ್ದರು. ಗಂಡಿನ ಅಪ್ಪ ಮೊಣಕಾಲುದ್ದ ಕೆಸರಲ್ಲಿ ಹೂತು, ಚಪ್ಪಲಿ ಕಳೆದುಕೊಂಡು, ಹಾಗೇ ಊರ ದಾರಿ ಹಿಡಿದರು. ನಾನಿಲ್ಲಿ ಸೀರೆಯುಟ್ಟು ಕೂತವಳು ಕೂತೇ ಇದ್ದೆ. ಮಾವ ಒಬ್ಬರೇ ವಾಪಸು ಬಂದು, “ನೀರುನಾಯಿ ನೋಡಕ್ಕೆ ಪುರುಸೊತ್ತಿಲ್ದೋರು ನಮಗೆ ಬ್ಯಾಡ ಬುಡವ್ವ” ಎಂದು ಸಮಾಧಾನ ಬೇರೆ ಹೇಳಿದರು!

ಇಂಥ ಮಹಾಶಯರ ಬಳಿ ಒಂದು ಕೋವಿಯಿತ್ತು ಎಂದರೆ ನಂಬುತ್ತೀರಾ? ಅವರಪ್ಪನ ಕಾಲದ್ದು, ಲೈಸೆನ್ಸ್ ಸಮೇತ. ಸದ್ದಿಗೆ ಹಕ್ಕಿಗಳು ಬೆಚ್ಚುತ್ತವೆಂದು ಒಂದು ಸಲವೂ ಹಾರಿಸಿದವರಲ್ಲ. ಜಗಲಿಯ ಗೋಡೆಗೆ ಎರಡು ಗೂಟ, ಗೂಟಗಳ ಮೇಲೆ ಅಡ್ಡಲಾಗಿ ಕೋವಿ. ಅದರ ಮೇಲೆ ಒಂದು ಪಿಕಳಾರ ಬಂದು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮೂರು ಮರಿ ಮಾಡಿತು.

ಕಾಲವೋ, ದೇವರಿಗೇ ಪ್ರೀತಿ! ಕಾಡಿನಲ್ಲಿ ನಕ್ಸಲರು, ಊರಿನಲ್ಲಿ ಪೊಲೀಸರು, ಎಲ್ಲಿ ನೋಡಿದರೂ ಜಮೀನಿನ ಗಲಾಟೆ. ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂದು ಹುಕುಂ ಆಯಿತು. ಕೊಡದವರು ನಕ್ಸಲರ ಕಡೆಯವರೆಂದೇ ಲೆಕ್ಕ. ಊರವರೆಲ್ಲ ಕೊಟ್ಟರು, ಮಾವ ಕೊಡಲಿಲ್ಲ. ಜೀಪು ಬಂತು.

“ತೋಕ್ಕು ಎವಿಡೆ?” ಕೋವಿ ಎಲ್ಲೆಂದು ಇನ್‌ಸ್ಪೆಕ್ಟರು ಮಲಯಾಳದಲ್ಲಿ ಗುಡುಗಿದರು.

ಮಾವ ಗೋಡೆಯ ಮೇಲಿನ ಕೋವಿ ತೋರಿಸಿ, “ಮೆಲ್ಲಕೆ ಸಾರೇ, ಮರಿ ಅವೆ. ಹಾರೋಗಂಟ ತಡೀರಿ” ಎಂದರು.

“ನಿನಕ್ಕು ಭ್ರಾಂತಾಣೋ?” ನಿನಗೇನು ಹುಚ್ಚೇ ಎಂದರು ಅವರು.

“ಅಲ್ಲೀಗಂಟ ಅದರ ಬದ್ಲು ನನ್ನೇ ಇಟ್ಕಳಿ.”

ಇನ್‌ಸ್ಪೆಕ್ಟರು ಗೂಡನ್ನು ನೋಡಿದರು, ಮಾವನನ್ನು ನೋಡಿದರು. ಅವರಿಗೂ ತಮಾಷೆ ಬೇಕಿತ್ತೇನೋ! ಕೋವಿ ಗೋಡೆಯ ಮೇಲೇ ಉಳಿಯಿತು, ಮಾವ ಜೀಪು ಹತ್ತಿದರು. ಠಾಣೆಗೆ ಇದಕ್ಕಿಂತ ಒಳ್ಳೆಯ ಅಡಮಾನ ಎಲ್ಲಿ ಸಿಕ್ಕೀತು? ಸಿಡಿಯುವ ಭಯವೇ ಇಲ್ಲ!

ಆದರೆ ಆ ಜೀಪು ಹತ್ತಿದವರು ಹೇಗೆ ಮರಳುತ್ತಾರೆಂದು ಅತ್ತೆಗೆ ಗೊತ್ತಿತ್ತು. ನಮ್ಮ ಹೊಲದಲ್ಲಿ ಕೂಲಿ ಮಾಡುತ್ತಿದ್ದವರೊಬ್ಬರು ಅಲ್ಲಿಂದ ಬಂದ ಮೇಲೆ ನೆಟ್ಟಗೆ ನಡೆಯಲೇ ಇಲ್ಲ.

“ಗೂಡು ಎತ್ತಿ ಬೇರೆ ಕಡೆ ಇಟ್ಟು, ಕೋವಿ ಕೊಟ್ಟುಬಿಡೋಣ ಅತ್ತೆ” ಎಂದೆ.

“ಬಂದ ಮೇಲೆ ಅವರು ಮರಿ ಏನಾದ್ವು ಅಂತ ಕೇಳ್ತಾರೆ. ಆಗ ನಾನೇನ್ ಹೇಳ್ಲಿ?”

ಅಂದಿನಿಂದ ಅತ್ತೆ ಜಗಲಿ ಬಿಟ್ಟು ಕದಲಲಿಲ್ಲ. ಕೈಯಲ್ಲಿ ಪೊರಕೆ. ಬೆಕ್ಕಿಗೆ ಬೈಗುಳ, ಕಾಗೆಗೆ ಶಾಪ. ಗೂಡಿನ ಕಡೆ ತಿರುಗಿದರೆ ಮಾತ್ರ ದನಿ ಬೇರೆ: “ಬೇಗ ಹಾರ್ರಪ್ಪಾ, ಅಲ್ಲಿ ನಮ್ ಯಜಮಾನ್ರು ಕೂತವ್ರೆ.”

ಒಂದು ಬೆಳಿಗ್ಗೆ ಎಲ್ಲಕ್ಕಿಂತ ಚಿಕ್ಕ ಮರಿ ನೆಲದ ಮೇಲೆ ಸತ್ತು ಬಿದ್ದಿತ್ತು. ಅತ್ತೆ ಅದನ್ನು ಸೆರಗಿನಲ್ಲಿ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಮಣ್ಣು ಮಾಡಿದರು. ನನಗೆ ಅಳು ತಡೆಯಲಾಗಲಿಲ್ಲ. ಉಳಿದೆರಡು ಹಾರಿದ ದಿನವೇ ಅತ್ತೆ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು, ನನ್ನನ್ನೂ ಎಳೆದುಕೊಂಡು ಠಾಣೆಗೆ ಹೋದರು. ಮೇಜಿನ ಮೇಲೆ ಅದನ್ನಿಟ್ಟು, “ನಿಮ್ದು ತಗಳಿ, ನಂದು ಕೊಡಿ” ಎಂದರು.

ಮಾವ ಗೋಡೆ ಹಿಡಿದುಕೊಂಡು ಬಂದರು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಬಾಯಿ ತೆರೆದು ಮೊದಲು ಕೇಳಿದ್ದು, “ಮೂರೂ ಹಾರಿದ್ವಾ?”

ಗಂಡನ ಒಂದು ಮಾತಿಗೂ ಈ ಜನ್ಮದಲ್ಲಿ ‘ಹೌದು’ ಎಂದವರಲ್ಲ ನಮ್ಮತ್ತೆ. ಅವರ ತೋಳಿಗೆ ತಮ್ಮ ಹೆಗಲು ಕೊಟ್ಟು ಹೇಳಿದರು:

“ಹೂಂ, ಮೂರೂ. ಚಿಕ್ಕದೇ ಎಲ್ಲಕ್ಕಿಂತ ಮುಂದೆ.”