ಸೋದರಮಾವನ ಬೆಕ್ಕಿನ ಪ್ರಶ್ನೆ

ನನ್ನ ಸೋದರಮಾವನ ಮುಂದೆ ಸೀನುವುದೂ ಅಪಾಯ! ಯಾಕೆ ಸೀನಿದೆ ಅನ್ನುತ್ತಿದ್ದರು. ನೆಗಡಿ ಅಂದರೆ, ನೆಗಡಿಯೇ ಅಂತ ಹೇಗೆ ಹೇಳುತ್ತೀಯ ಎಂದು ಎದುರಿಗೆ ಕೂತುಬಿಡುತ್ತಿದ್ದರು.

ಅವರು ಮೈಸೂರಿನಲ್ಲಿ ಮನಃಶಾಸ್ತ್ರದ ಮೇಷ್ಟರು. ವಿಶ್ವವಿದ್ಯಾನಿಲಯದ ಹುಡುಗರು ಎಷ್ಟು ಬಗೆಯಲ್ಲಿ ಯೋಚಿಸುತ್ತಾರೆಂದು ಅಳೆಯುವುದೇ ಕೆಲಸ. ಅಳೆಯುವುದಕ್ಕೆ ಸೇರಲ್ಲ, ಪಾವಲ್ಲ, ಒಂದೇ ಪ್ರಶ್ನೆ: "ಬೆಕ್ಕು ಅಡ್ಡ ಬಂತು, ಬಸ್ಸು ತಪ್ಪಿತು. ಯಾಕೆ ತಪ್ಪಿತು?" ಬೆಕ್ಕಿನಿಂದ ಎಂದವನು ಒಂದು ಬಗೆ, ಬೆಕ್ಕಿಗೆ ಹೆದರಿ ನಿಂತದ್ದರಿಂದ ಎಂದವನು ಇನ್ನೊಂದು ಬಗೆ. ಉತ್ತರ ಸರಿಯೋ ತಪ್ಪೋ ಅವರಿಗೆ ಬೇಡ, ಅಲ್ಲಿಗೆ ಹೋದ ದಾರಿ ಬೇಕು. ಇದಕ್ಕೂ ಸಂಬಳ ಕೊಡುತ್ತಾರಾ ಎಂದು ಚಾಮರಾಜನಗರದ ನಮ್ಮ ಬೀದಿಯೇ ಬಾಯಿ ಬಿಟ್ಟುಕೊಂಡು ನಿಂತಿತ್ತು! ಒಮ್ಮೆ ಸಾವಿನ ಮನೆಯಲ್ಲೂ ಕೇಳಿದರು. ಅಳುತ್ತಿದ್ದವರು ಅಳು ನಿಲ್ಲಿಸಿ, ಎರಡು ಗುಂಪಾಗಿ ಜಗಳಕ್ಕೆ ನಿಂತರು. ಶಿವ ಶಿವಾ!

ಐವತ್ತೈದನೇ ಇಸವಿಯ ಸುಮಾರಿನ ಮಾತು. ನಾನು ಹೈಸ್ಕೂಲು ಮುಗಿಸಿದ್ದೆ. ಮುಂದೆ ಓದುವ ಆಸೆ ಹೊಟ್ಟೆಯೊಳಗೇ ಇತ್ತು. ಅಷ್ಟರಲ್ಲಿ ಗುಂಡ್ಲುಪೇಟೆಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದೇಬಿಟ್ಟರು. ಗಂಡು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ. ಬಿಟ್ಟಾರೆಯೇ, ಅದಕ್ಕೆಂದೇ ಊರಿಗೆ ಬಂದಿದ್ದ ಮಾವ?

"ಬಸ್ಸು ಯಾಕೆ ತಪ್ಪಿತು?"

ಗಂಡು ಬೆವರಿದ. "ನಮ್ಮಪ್ಪನ್ನ ಕೇಳಿ ಹೇಳ್ತೀನಿ ಸಾರ್."

"ಇದು ಹೊಸ ಬಗೆ!" ಎಂದು ಮಾವ ತೊಡೆ ತಟ್ಟಿದರು.

ಗಂಡಿನಪ್ಪ ಧಡಕ್ಕನೆ ಎದ್ದರು. "ಎಣ್ಣು ನೋಡಕ್ಕೆ ಬಂದ್ವೋ, ಪರೀಕ್ಷೆ ಬರಿಯಕ್ಕೆ ಬಂದ್ವೋ? ನಡಿಯಲಾ, ಓಗನ!" ಉಪ್ಪಿಟ್ಟು ಎಲೆಯಲ್ಲೇ ಉಳಿಯಿತು.

ಅವ್ವ ಹಣೆ ಚಚ್ಚಿಕೊಂಡಳು. "ಕೆಡಿಸ್ಬುಟ್ಯಲ್ಲೋ! ಸೋದರಮಾವಂಗೇ ಅಲ್ವಾ ಮೊದ್ಲ ಹಕ್ಕು? ಇನ್ನು ನೀನೇ ತಾಳಿ ಕಟ್ಟು, ಬಾ!"

ನಾನು ಕಂಬ ಹಿಡಿದುಕೊಂಡೆ. ಊರನ್ನೆಲ್ಲ ಬೆಚ್ಚಿಬೀಳಿಸುತ್ತಿದ್ದ ಮಾವ ಅವತ್ತು ತಾವೇ ಬೆಚ್ಚಿದರು! ಆಮೇಲೆ ಮೆಲ್ಲಗೆ ಅಂದರು: "ಮೊದ್ಲ ಹಕ್ಕು ನಂದೇ ಅಲ್ವಾ ಅಕ್ಕ? ಹಂಗಾದ್ರೆ ಇವಳ ವಿಷ್ಯ ನಾನೇ ಹೇಳ್ತೀನಿ. ಮೈಸೂರಲ್ಲಿ ಹಾಸ್ಟೆಲ್ಲಿಗೆ ಸೇರಿಸ್ತೀನಿ, ಓದ್ಲಿ." ತನ್ನ ಮಾತು ತನಗೇ ತಿರುಗಿತೆಂದು ಗೊಣಗುತ್ತಲೇ ಅವ್ವ ಅಟ್ಟದಿಂದ ಟ್ರಂಕು ಇಳಿಸಿದಳು.

ಹೊರಡುವ ದಿನ ಹೊಸಿಲು ದಾಟುತ್ತಿದ್ದಂತೆ, ದೇವರಾಣೆಗೂ, ಬೆಕ್ಕು ಅಡ್ಡ ಬಂತು! ಹಾಗಾದರೆ ಒಳಗೆ ಬಂದು ಕೂತು, ನೀರು ಕುಡಿದೇ ಹೊರಡುವುದು ನಮ್ಮ ಮನೆಯ ಪದ್ಧತಿ. ರೈಲಿಗೆ ಹೊತ್ತಾಗಿತ್ತು. ಆದರೂ ಶಕುನಗಿಕುನ ಎಂದೂ ಲೆಕ್ಕಿಸದ ಮಾವ ನನ್ನ ಟ್ರಂಕು ಇಳಿಸಿ, ಒಳಗೆ ಬಂದು ಕೂತು, ನೀರು ಕೇಳಿದರು. ಮನೆಮಂದಿಯೆಲ್ಲ ದಂಗು!

"ಇದು ಯಾವ ಬಗೆಯ ಯೋಚನೆ ಮಾವ?" ಎಂದು ಕೇಳಿಯೇಬಿಟ್ಟೆ.

"ಯೋಚ್ನೆನೂ ಇಲ್ಲ, ಏನೂ ಇಲ್ಲ ಕಣಮ್ಮಿ," ಅಂದರು, ಮುಖ ಆ ಕಡೆ ತಿರುಗಿಸಿ. "ಬಾಗ್ಲಲ್ಲಿ ನಿಮ್ಮವ್ವ ಅಳ್ತಾ ನಿಂತವ್ಳೆ. ರೈಲು ಓಗ್ಲಿ ಬುಡು, ನಾಳೆನೂ ಬತ್ತದೆ."