ಕಾರ್ಡಿನ ಆಯಸ್ಸು, ಮಾಲೀಕರ ಸೊಂಟ

ತಪ್ಪು ದರ್ಜಿಯದೇ, ಮೊದಲೇ ಹೇಳಿಬಿಡುತ್ತೇನೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವುದು ಬಿಟ್ಟರೆ ಬೇರೆ ಯಂತ್ರದ ಗೊಡವೆಗೆ ಹೋಗದಿದ್ದ ಮನುಷ್ಯ, ಗಿರಾಕಿಗಳ ಅಳತೆ ಇಡಲು ಸೋಪಿನ ಡಬ್ಬಿಯಷ್ಟಿದ್ದ ಲಿನಕ್ಸ್ ಕಂಪ್ಯೂಟರ್ ತಂದುಕೊಂಡ. ಅದರ ಬುದ್ಧಿಯೆಲ್ಲ ಇದ್ದದ್ದು ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ. ಒಂದು ಕಾರ್ಡು ಆಗಲೇ ಸತ್ತಿತ್ತು. ಹಳೇ ಅಳತೆ ಪುಸ್ತಕಗಳು ಅದಕ್ಕೂ ಮುಂಚೆ ರದ್ದಿಗೆ ಹೋಗಿದ್ದವು.

ಆವತ್ತು ಬೆಳಗ್ಗೆ ಹೊಸ ಕಾರ್ಡು ಹಾಕುತ್ತಿದ್ದಾಗ ಪಕ್ಕದ ಮೊಬೈಲ್ ರಿಪೇರಿಯವನು ಒಳಗೆ ಬಂದ. ಬೀದಿಯಲ್ಲಿ ಅವನಿಗೆ ‘ಸಲಹೆ’ ಅಂತಲೇ ಹೆಸರು. ಕೇಳದಿದ್ದರೂ ಕೊಡುತ್ತಾನೆ, ಕೇಳಿದರೆ ಬಿಡುವುದೇ ಇಲ್ಲ.

“ಕಾರ್ಡ್ ಸಾಯೋದು ಓದೋದ್ರಿಂದ ಅಲ್ಲಣ್ಣ, ಬರೆಯೋದ್ರಿಂದ. ಬರೆದಷ್ಟೂ ಸವೆಯುತ್ತೆ. ಈ ನಿನ್ನ ಕಂಪ್ಯೂಟರ್ ಎಂಥ ಚಾಡಿಕೋರ ಗೊತ್ತಾ? ನೀನು ಒಂದು ಫೈಲ್ ಸುಮ್ನೆ ತೆಗೆದು ನೋಡಿದ್ರೂ, ‘ಇಂಥ ಹೊತ್ತಲ್ಲಿ ನೋಡಿದ’ ಅಂತ ಕಾರ್ಡ್ ಮೇಲೆ ಬರ್ಕೊಳ್ಳುತ್ತೆ.”

“ನಮ್ಮತ್ತೆ ಥರ,” ಅಂದ ದರ್ಜಿ.

“ಆ ಚಾಳಿ ಬಿಡಿಸ್ತೀನಿ ತಾಳು.”

ಬಿಡಿಸಿದ. ಅಷ್ಟಕ್ಕೆ ಎದ್ದು ಹೋಗಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು.

“ಅಳತೆಗಳೂ ಹಗಲೆಲ್ಲ ಕಂಪ್ಯೂಟರಿನ ತಾತ್ಕಾಲಿಕ ನೆನಪು ಅಂತಾರಲ್ಲ, ಆ ರ‍್ಯಾಮ್‌ನಲ್ಲೇ ಇರ್ಲಿ. ಸಂಜೆ ಕಂಪ್ಯೂಟರ್ ಆಫ್ ಮಾಡುವಾಗ ಒಂದೇ ಸಲ ಕಾರ್ಡಿಗೆ ಇಳಿಯುತ್ತೆ.”

“ಮಧ್ಯೆ ಕರೆಂಟ್ ಹೋದ್ರೆ?”

“ಬೆಳಗ್ಗೆ ಬೆಳಗ್ಗೆ ಕೆಟ್ಟ ಮಾತ್ಯಾಕಣ್ಣ?”

ಅವನು ಹೋದ ಮೇಲೆ ಅಂಗಡಿಯ ಮಾಲೀಕರು ಬಂದರು. ಹೆಂಡತಿಯನ್ನು ಬಾಗಿಲಾಚೆಯೇ ನಿಲ್ಲಿಸಿದರು.

“ಸಂಜೆ ಫೋಟೊ ತೆಗೆಸ್ಕೋಬೇಕು, ಅಷ್ಟರಲ್ಲಿ ಪ್ಯಾಂಟ್ ಬೇಕು. ನಿನ್ನ ಬಾಡಿಗೆ ಕರಾರು ಇವತ್ತಿಗೆ ಮುಗೀತು, ಗೊತ್ತು ತಾನೆ? ಅಂಗಡಿ ಕೇಳ್ಕೊಂಡು ಬೇರೆಯವ್ರೂ ಬರ್ತಿದಾರೆ.”

ದರ್ಜಿ ಸೊಂಟಕ್ಕೆ ಟೇಪು ಸುತ್ತಿದ. ಹೊರಗಿನಿಂದ ಹೆಂಡತಿ, “ಎಷ್ಟಂತೆ?” ಅಂದರು.

ಮಾಲೀಕರು ತಗ್ಗಿದ ದನಿಯಲ್ಲಿ, “ಬಾಯಿ ಬಿಡ್ಬೇಡ. ಆ ಕಂಪ್ಯೂಟರಲ್ಲಿ ಹಾಕ್ಕೊ, ಹಾಕಿ ನೀನೂ ಮರ್ತುಬಿಡು. ಇನ್ನೊಂದ್ಸಲ ಈ ಟೇಪ್ ನನ್ನ ಹತ್ರ ತಂದ್ಯೋ, ಗಂಟುಮೂಟೆ ಕಟ್ಟು,” ಅಂದರು.

ದರ್ಜಿ ವಿಧೇಯ. ಟೈಪು ಮಾಡಿದ, ಮರೆತೂಬಿಟ್ಟ.

ಪ್ಯಾಂಟಿನ ಕಾಲುಗಳನ್ನು ಕತ್ತರಿಸಲು ಬಟ್ಟೆ ಹಾಸಿ ತಲೆ ಎತ್ತಿದರೆ ಕಂಪ್ಯೂಟರಿನ ಪರದೆ ಕಪ್ಪಗಿತ್ತು. ಗುಂಡಿ ಹಾಕುವ ಅಕ್ಕ ಇಸ್ತ್ರಿಪೆಟ್ಟಿಗೆ ಕಾಯಿಸುತ್ತಿದ್ದಳು.

“ಅಕ್ಕಾ, ಪ್ಲಗ್ ಕಿತ್ತೆಯಾ?”

“ನೀನು ಅತ್ತ ತಿರುಗೂ ನೋಡ್ತಿರ್ಲಿಲ್ಲ, ಸುಮ್ನೆ ಉರೀತಿತ್ತು. ಕಾಲರ್ ಇಸ್ತ್ರಿ ಮಾಡೋದು ಬೇಡ್ವಾ?”

ಸಲಹೆ ಓಡಿಬಂದು ಕಾರ್ಡನ್ನು ಪರೀಕ್ಷಿಸಿದ. “ಏನೂ ಆಗಿಲ್ಲಣ್ಣ, ಮದುಮಗನ ಹಾಗಿದೆ.”

“ಅಳತೆ?”

“ಅದು ಕಾರ್ಡಲ್ಲಿ ಇಲ್ವಲ್ಲ. ಅದಕ್ಕೇ ಕಾರ್ಡ್ ಇಷ್ಟು ಚೆನ್ನಾಗಿರೋದು.”

“ಇನ್ನೊಂದ್ಸಲ ಟೇಪ್ ತಂದ್ರೆ ಅಂಗಡಿ ಬಿಡು ಅಂದಿದಾರೆ ಮಾಲೀಕರು,” ಅಂದ ದರ್ಜಿ. ಅವನ ಕೈಯಲ್ಲಿ ಕತ್ತರಿ ಇತ್ತು. ಸಲಹೆ ಎರಡು ಹೆಜ್ಜೆ ಹಿಂದೆ ಸರಿದ. “ಸಿಟ್ಟಾಗ್ಬೇಡ. ನಾನೇ ಹೋಗಿ ಅವರನ್ನ ತಬ್ಕೊಂಡು ಬರ್ತೀನಿ. ತೋಳಲ್ಲೇ ಅಳತೆ ತರ್ತೀನಿ.”

ಹೋದ, ಯಾವುದೋ ನೆಪ ಹೇಳಿ ತಬ್ಬಿಯೂಬಿಟ್ಟ. ಕಾಣದ ಹಂಡೆಯೊಂದನ್ನು ಹೊತ್ತವನಂತೆ ಎರಡೂ ತೋಳು ಬಳಸಿ ಹಿಡಿದುಕೊಂಡು ಬೀದಿಯುದ್ದಕ್ಕೂ ಬಂದ. ಅಂಗಡಿಯ ಮೆಟ್ಟಿಲ ಹತ್ತಿರ ಪರಿಚಯದ ಪೋಸ್ಟ್‌ಮ್ಯಾನ್ ಕೈ ಚಾಚಿದ. ಇವನು ಮರ್ಯಾದಸ್ಥ, ಕೈ ಕುಲುಕಿದ. ಹಂಡೆ ಅಲ್ಲೇ ಬಿತ್ತು.

“ಒಂದು ಅಂದಾಜು ಹೇಳೋ,” ಅಂದ ದರ್ಜಿ.

“ಸುಮಾರಾಗಿ ಒಳ್ಳೆ ಮನುಷ್ಯ,” ಅಂದ ಸಲಹೆ.

ಕೊನೆಗೆ ದರ್ಜಿ ಕಣ್ಣಳತೆಯಲ್ಲೇ ಕತ್ತರಿಸಿದ. ಬಿಗಿಯಾದರೆ ಗುಂಡಿ ಹಾರುತ್ತದೆ, ಗುಂಡಿಯ ಹಿಂದೆ ತಾನೂ ಹಾರಬೇಕಾಗುತ್ತದೆ ಎಂದು ಹೆದರಿ, ಬಟ್ಟೆಯನ್ನು ಧಾರಾಳವಾಗಿ ಬಿಟ್ಟ.

ಸಂಜೆ ಮಾಲೀಕರು ಹೆಂಡತಿಯನ್ನು ಮತ್ತೆ ಬಾಗಿಲಾಚೆಯೇ ನಿಲ್ಲಿಸಿ, ಪ್ಯಾಂಟ್ ಹಾಕಿಕೊಳ್ಳಲು ಪರದೆಯ ಹಿಂದೆ ಹೋದರು. ಅಕ್ಕ ಆಗಲೇ ನೂಲಿನ ಉಂಡೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಅವರು ಹೊರಗೆ ಬಂದಾಗ ಒಂದು ಕೈ ಪ್ಯಾಂಟನ್ನು ಹಿಡಿದಿತ್ತು. ಬಿಟ್ಟರೆ ಅದು ಪಾದಕ್ಕೆ ಇಳಿಯುವಂತಿತ್ತು.

“ಇದು ಬೆಳಗಿನ ಅಳತೆಗೇ ಹೊಲಿದಿದ್ದಾ?”

“ಹೌದು ಸ್ವಾಮಿ.”

ಮಾಲೀಕರು ಕನ್ನಡಿಯ ಮುಂದೆ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಮುಖ ಮೆಲ್ಲಗೆ ಅರಳಿತು. “ಮಧ್ಯಾಹ್ನ ಊಟ ಬಿಟ್ಟಿದ್ದೆ ಕಣಯ್ಯ. ಒಂದೇ ಊಟಕ್ಕೆ ಇಷ್ಟು ಕರಗಿದೀನಲ್ಲ.”

ಅಕ್ಕ ನೂಲಿನ ಉಂಡೆಗಳನ್ನು ಒಂದೊಂದಾಗಿ ಹೊರಗೆ ತೆಗೆದಿಟ್ಟಳು. ಸಲಹೆಯಂತೂ ಕಣ್ಣೊರೆಸಿಕೊಂಡ. ಮಾಲೀಕರು ಅಲ್ಲೇ ಕತ್ತರಿಸುವ ಮೇಜಿನ ಮೇಲೆ ಹೊಸ ಕರಾರಿಗೆ ರುಜು ಹಾಕಿದರು. ದರ್ಜಿ ಸ್ಟೂಲಿನ ಮೇಲೆ ಆರಾಮಾಗಿ ಕೂತ. ಎಷ್ಟು ಹಗುರವಾಗಿದ್ದ ಅಂದರೆ ಫ್ಯಾನಿನ ಗಾಳಿಗೆ ಹಾರಿಹೋಗಬಹುದಿತ್ತು.

ಮಾಲೀಕರು ರುಜು ಒಣಗಲೆಂದು ಕಾಗದವನ್ನು ಬೀಸುತ್ತ ಬಾಗಿಲ ಕಡೆ ತಿರುಗಿದರು.

“ಒಳಗೆ ಬಾರೇ. ದಪ್ಪ, ದಪ್ಪ ಅಂತಿದ್ಯಲ್ಲ, ಈಗ ನಿನ್ನ ಕಣ್ಣಾರೆ ನೋಡು.” ದರ್ಜಿಯ ಬೆನ್ನು ತಟ್ಟಿದರು. “ಏಳಯ್ಯ. ಕಂಪ್ಯೂಟರ್ ಹಾಕು, ಬೆಳಗ್ಗೆ ಎಷ್ಟಿತ್ತು ಅಂತ ಇವಳಿಗೆ ಓದಿ ಹೇಳು. ಹಂಗೇ ಆ ಟೇಪೂ ತಾ. ಈಗ ಎಷ್ಟಿದೆ ಅಂತ ಇವಳೇ ಹಿಡಿದು ನೋಡ್ಲಿ.”