ಟ್ರೂಸಜ್ಜಿಗೆ ಸಂದ ಹರಕೆ

ನೆದರ್ಲೆಂಡ್ಸಿನ ಯುಟ್ರೆಕ್ಟಿನಲ್ಲಿ ಬೀದಿ ಕೋತಿಗಳಿಲ್ಲ ಎಂಬ ಒಂದೇ ಕಾರಣಕ್ಕೆ ವಾಮನನ ಆ ಮಂಗಳವಾರ ಹಾಳಾಯಿತು. ಇದ್ದಿದ್ದರೆ ಪದ್ಮಿನಿ ತಾನೇ ಹೋಗಿ ಹರಕೆ ತೀರಿಸಿಕೊಂಡು ಬರುತ್ತಿದ್ದಳು, ಅವನ ತಂಟೆಗೆ ಬರುತ್ತಿರಲಿಲ್ಲ.

ಪದ್ಮಿನಿ ವಾಮನನ ಮನೆಯೊಡತಿ. ಅವಳ ಗಂಡ ರಾಕೇಶ್ ಕಾಪೆಲ್ಲೆ ಊರಿನ ಒಂದು ಸಾಫ್ಟ್‌ವೇರ್ ಕಂಪನಿಯವನು; ಕೊರೊನಾ ಬಂದ ಮೇಲೆ ಊಟದ ಮೇಜೇ ಅವನ ಆಫೀಸು. ಕಂಪನಿ ಇಟ್ಟುಕೊಳ್ಳುತ್ತದೋ ಊರಿಗೆ ಕಳಿಸುತ್ತದೋ ಗೊತ್ತಾಗದೆ ಗಂಡಹೆಂಡತಿ ಚಳಿಗಾಲವೆಲ್ಲ ನಿದ್ದೆಗೆಟ್ಟಿದ್ದರು. ಆಗ ಪದ್ಮಿನಿ ಹರಕೆ ಹೊತ್ತಳು: ಇವರ ಕೆಲಸ ಉಳಿದರೆ ಆಂಜನೇಯಸ್ವಾಮಿಯ ಕುಲದವರಿಗೆ ಬಾಳೆಹಣ್ಣು ತಿನ್ನಿಸುತ್ತೇನೆ, ಅದೂ ಕೈಯಿಂದ ಕೈಗೆ ಕೊಟ್ಟು. ಕಳೆದ ವಾರ ಎಲ್ಲಿಂದಲೋ ಒಂದು ಹೊಸ ಪ್ರಾಜೆಕ್ಟ್ ಬಂದು ರಾಕೇಶನ ಕೆಲಸ ಉಳಿಯಿತು. ಸ್ವಾಮಿ ತನ್ನ ಪಾಲಿನದು ಮಾಡಿ ಮುಗಿಸಿದ್ದ, ಇನ್ನು ಬಾಕಿ ಇದ್ದದ್ದು ಪದ್ಮಿನಿಯದು.

ಅವರ ಮನೆಯ ಅಟ್ಟದ ಕೋಣೆಯಲ್ಲಿ ಬಾಡಿಗೆಗಿದ್ದ ವಾಮನ ತಿಪಟೂರಿನವನು. ಪ್ರಾಣಿಗಳ ನಡವಳಿಕೆಯ ಬಗ್ಗೆ ಓದಲು ಬಂದವನು ಓದು ಮುಗಿಸಿ, ಊರಾಚೆಯ ಚಿಂಪಾಂಜಿ ಆಶ್ರಯಧಾಮದಲ್ಲಿ ಪಾಲಕನಾಗಿ ಸೇರಿದ್ದ. ಸರ್ಕಸ್ಸಿನಲ್ಲಿ ಸೈಕಲ್ ಹೊಡೆದು ಸೋತವು, ಪ್ರಯೋಗಶಾಲೆಯಲ್ಲಿ ಸೂಜಿ ಚುಚ್ಚಿಸಿಕೊಂಡೇ ಮುದಿಯಾದವು, ಇಂಥವನ್ನು ಬಿಡಿಸಿ ತಂದು ಅಲ್ಲಿ ಸಾಕುತ್ತಿದ್ದರು. ಒಮ್ಮೆ ಒಳಗೆ ಬಂದ ಚಿಂಪಾಂಜಿಗೆ ಸಾಯುವವರೆಗೆ ಊಟ, ಮನೆ, ವೈದ್ಯರು ಖಾತ್ರಿ. ಅಲ್ಲಿ ತಾತ್ಕಾಲಿಕವಾಗಿದ್ದವನು ವಾಮನ ಒಬ್ಬನೇ. ಅವನ ಗುತ್ತಿಗೆ ಮುಂದಿನ ತಿಂಗಳು ಮುಗಿಯುತ್ತಿತ್ತು. ಕಾಯಂ ಆದರೆ ದೇಶದಲ್ಲಿರಲು ಪರ್ಮಿಟ್, ಆಗದಿದ್ದರೆ ವಿಮಾನ. ಮಂಗಳವಾರ ಸಂಜೆ ಬಾ, ತೀರ್ಮಾನ ಹೇಳುತ್ತೇನೆ ಎಂದು ಮ್ಯಾನೇಜರ್ ಇನೆಕೆ ಕರೆದಿದ್ದಳು.

ಬೆಳಿಗ್ಗೆ ವಾಮನ ಶೂ ಹಾಕುತ್ತಿದ್ದಾಗ ಪದ್ಮಿನಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಒಂದೊಂದು ಹಣ್ಣಿಗೂ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮದ ದಪ್ಪ ಚುಕ್ಕೆ ಇಟ್ಟಿದ್ದಳು. ಚಿಂಪಾಂಜಿ ಎಂದರೆ ಕೋತಿಯಲ್ಲ, ಅದಕ್ಕೆ ಬಾಲವೇ ಇಲ್ಲ ಎಂದು ವಾಮನ ಶಾಸ್ತ್ರ ತೆಗೆದ. ಈ ದೇಶದ ಚಳಿಗೆ ಉದುರಿರುತ್ತೆ ಎಂದು ಅವಳು ಅದನ್ನು ತಳ್ಳಿಹಾಕಿದಳು. ಬಾಳೆಹಣ್ಣಿನಲ್ಲಿ ಸಕ್ಕರೆ ಜಾಸ್ತಿ, ಅಲ್ಲಿ ಕೊಡುವುದು ಎಲೆಕೋಸು, ಮೂಲಂಗಿ ಎಂದ. ಅಯ್ಯೋ ಪಾಪ, ಅದಕ್ಕೇ ಸ್ವಾಮಿ ನನ್ನ ಕೈಲಿ ಹರಕೆ ಹೊರಿಸಿದ್ದಾನೆ ಎಂದಳು.

"ಅಕ್ಕ, ಹೊರಗಿಂದ ಒಂದು ಕಡಲೆಕಾಯಿನೂ ಒಳಗೆ ಬಿಡಲ್ಲ ಈಗ. ನಮ್ಮ ಉಸಿರು ತಾಗಿದ್ರೇ ಅವಕ್ಕೆ ಕೊರೊನಾ ಬರುತ್ತೆ ಅಂತ ಹೆದರ್ತಾರೆ. ಸಿಕ್ಕಿಬಿದ್ರೆ ನನ್ನ ಕೆಲಸ ಹೋಗುತ್ತೆ."

"ಹರಕೆ ತೀರಿಸ್ದೆ ಇದ್ರೆ ಇವರ ಕೆಲಸ ಹೋಗುತ್ತೆ ಕಣೋ. ಆಮೇಲೆ ಈ ಮನೆ ಎಲ್ಲಿ, ನಿನ್ನ ಅಟ್ಟ ಎಲ್ಲಿ?"

ರಾಕೇಶ್ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, ಒಂದು ಹಣ್ಣಾದರೂ ಕೊಟ್ಟುಬಿಡೋ ಎಂದು ರಾಜಿ ಮಾಡಿಸಿದ. ರಾಕೇಶನ ಮಾತು ತೆಗೆದುಹಾಕಲು ವಾಮನನಿಗೆ ಮನಸ್ಸಾಗಲಿಲ್ಲ. ಸಗಣಿ ಬಾಚುವುದಕ್ಕೆ ಮಾಸ್ಟರ್ಸ್ ಮಾಡಿದೆಯಾ ಎಂದು ಊರ ಕನ್ನಡಿಗರೆಲ್ಲ ನಗುವಾಗ, ಅವನ ಕೆಲಸದ ಬಗ್ಗೆ ಗೌರವದಿಂದ ಕೇಳಿದವನು ರಾಕೇಶ್ ಒಬ್ಬನೇ. ಚಳಿಗಾಲವೆಲ್ಲ ರಾತ್ರಿಯೂಟಕ್ಕೆ ಕೂತಾಗ ಅದನ್ನೇ ಕೇಳುತ್ತಿದ್ದ. ಯಾವ ಬಾಗಿಲು ಯಾವಾಗ ತೆಗೀತೀರಿ, ಯಾರ ಪಕ್ಕ ಯಾರು ಕೂತರೆ ಜಗಳ, ಮುದಿ ಚಿಂಪಾಂಜಿ ಟ್ರೂಸ್ ಯಾಕೆ ಗೋಡೆಗೆ ಬೆನ್ನು ಕೊಟ್ಟೇ ತಿನ್ನುತ್ತಾಳೆ. ವಾಮನ ತಟ್ಟೆಯಲ್ಲಿ ಅನ್ನ ಆರುವವರೆಗೂ ಹೇಳುತ್ತಿದ್ದ. ಟ್ರೂಸ್ ಕೂರುವ ಜಾಗಕ್ಕೆ ತಾನು 'ಅಜ್ಜಿ ಮೂಲೆ' ಎಂದು ಹೆಸರಿಟ್ಟದ್ದನ್ನೂ ಹೇಳಿದ್ದ. ಕೇಳುವವರಿದ್ದರೆ ಮನುಷ್ಯನಿಗೆ ಬಾಯಿ ತಾನಾಗಿ ಬರುತ್ತದೆ.

ಹೀಗಾಗಿ ಒಂದು ಹಣ್ಣು ಅವನ ಚೀಲ ಸೇರಿತು. ರೈಲಿನ ಶೌಚಾಲಯದಲ್ಲಿ ಅದನ್ನು ಉಜ್ಜಿ ತೊಳೆದ. ಎಣ್ಣೆ ಕುಂಕುಮ ನೀರಿಗೆ ಜಗ್ಗುತ್ತದೆಯೇ? ಚುಕ್ಕೆ ಇದ್ದದ್ದು ಹಣ್ಣಿಗೆಲ್ಲ ಹರಡಿಕೊಂಡಿತು, ಅವನ ತೋರುಬೆರಳಿಗೂ ಹತ್ತಿತು.

ಆಶ್ರಯಧಾಮದಲ್ಲಿ ಬಟ್ಟೆ ಬದಲಿಸಿ, ಮಾಸ್ಕು ಗ್ಲೌಸು ಹಾಕಿ, ಔಷಧಿ ನೀರಿನಲ್ಲಿ ಬೂಟು ಅದ್ದಿ ಒಳಗೆ ಹೋಗಬೇಕು. ವಾಮನ ಹಣ್ಣನ್ನು ಬೂಟಿನೊಳಗೆ ಕಾಲ ಪಕ್ಕ ಇಳಿಬಿಟ್ಟುಕೊಂಡ. ಅವನ ನಡಿಗೆ ನೋಡಿ ಹಿರಿಯ ಪಾಲಕ ಹೆಂಕ್ ಮೊಣಕಾಲು ನೋವೇ ಎಂದು ಕೇಳಿ, ತನ್ನ ಮೊಣಕಾಲಿನ ಆಪರೇಷನ್ನಿನ ಕತೆಯನ್ನು ಮೊದಲಿನಿಂದ ಹೇಳಿದ. ಅಷ್ಟು ಹೊತ್ತೂ ವಾಮನ ಒಂದು ಕಾಲ ಮೇಲೆ ನಿಂತಿದ್ದ.

ರಾತ್ರಿಕೋಣೆ ತೊಳೆದು, ಚಿಂಪಾಂಜಿಗಳು ಹೆಕ್ಕಿ ತಿನ್ನುವ ಕೊಳವೆಗಳಲ್ಲಿ ಮೂಲಂಗಿ ತುರುಕಿ, ಹೆಂಕ್ ಕಾಫಿಗೆ ಹೋದ ಮೇಲೆ ವಾಮನ ಅಜ್ಜಿ ಮೂಲೆಯ ಜಾಲರಿಯ ಹತ್ತಿರ ಕೂತ. ಟ್ರೂಸ್ ಅರ್ಧ ಆಯಸ್ಸು ಪ್ರಯೋಗಶಾಲೆಯಲ್ಲಿ ಕಳೆದವಳು. ಮೇಲಿನ ತುಟಿ ಜೋಲಿದೆ, ಒಂದು ಕಣ್ಣಿಗೆ ಪೊರೆ. ವಾಮನ ಬೂಟಿನಿಂದ ಹಣ್ಣು ತೆಗೆದು ಜಾಲರಿಯೊಳಗೆ ಚಾಚಿದ. ಅವಳು ಮೂಸಿದಳು, ಅವನ ಮುಖ ನೋಡಿದಳು, ಆಮೇಲೆ ಎರಡು ಬೆರಳಲ್ಲಿ ನಯವಾಗಿ ತೆಗೆದುಕೊಂಡಳು. ಬೂಟಿನ ವಾಸನೆಗೆ ಮುಖ ಸಿಂಡರಿಸಲಿಲ್ಲ. ತಿಂದು ಮುಗಿಸಿ, ಸಿಪ್ಪೆಯನ್ನು ಮಡಚಿ ಜಾಲರಿಯಲ್ಲಿ ತೂರಿಸಿ ವಾಪಸು ಕೊಟ್ಟಳು. ಪ್ರಯೋಗಶಾಲೆಯಲ್ಲಿ ಕಲಿಸಿದ್ದೇನೋ, ಅವಳು ಕಸವನ್ನು ಯಾವತ್ತೂ ಒಳಗಿಟ್ಟುಕೊಳ್ಳುತ್ತಿರಲಿಲ್ಲ. ವಾಮನ ಸಿಪ್ಪೆಯನ್ನು ಬೂಟಿಗಿಳಿಸಿದ. ಹರಕೆ ಸಂದಿತು ಎಂದು ಅವನ ಎದೆ ಹಗುರಾಯಿತು.

ಹಗುರಾದದ್ದು ಹೆಂಕನ ಕಾಫಿ ಮುಗಿಯುವವರೆಗೆ ಮಾತ್ರ. ಹೆಂಕ್ ಬಂದು ನೋಡಿದರೆ ಟ್ರೂಸಳ ತುಟಿ ಕೆಂಪು, ಅಂಗೈ ಕೆಂಪು, ಅವಳ ಹೇನು ಹೆಕ್ಕಲು ಬಂದ ಇನ್ನಿಬ್ಬರ ಬೆರಳೂ ಕೆಂಪು. ರಕ್ತ ಕಾರುತ್ತಿದ್ದಾಳೆ ಎಂದು ಅವನು ವಾಕಿಟಾಕಿಯಲ್ಲಿ ಕೂಗಿದ. ಕ್ಷಣದಲ್ಲಿ ಬಾಗಿಲುಗಳೆಲ್ಲ ಮುಚ್ಚಿದವು, ವೈದ್ಯೆ ಓಡಿಬಂದಳು. ಶ್ವಾಸಕೋಶಕ್ಕೆ ಕೊರೊನಾ ಇಳಿದಿದೆ ಎಂದು ಅಡುಗೆಕೋಣೆಯವರೂ ತೋಟದವರೂ ಕಿಟಕಿಯಾಚೆಯಿಂದಲೇ ರೋಗ ಹೇಳಿದರು. ಆ ವರ್ಷ ಎಲ್ಲ ದೇಶದಲ್ಲೂ ಎಲ್ಲರೂ ಡಾಕ್ಟರೇ.

ವಾಮನ ಗ್ಲೌಸು ಕಳಚಿದಾಗ ಅವನ ತೋರುಬೆರಳು ಹೆಂಕನ ಕಣ್ಣಿಗೆ ಬಿತ್ತು. ಏನಿದು ಎಂದ. ಮೂಲಂಗಿ ಹೆಚ್ಚುವಾಗ ಕುಯ್ದುಕೊಂಡೆ ಎಂದುಬಿಟ್ಟ ವಾಮನ. ಹೆಂಕ್ ಒಳ್ಳೆಯವನು, ಗಾಯವಿಲ್ಲದ ಬೆರಳಿಗೆ ಗುದ್ದಲಿ ಹಿಡಿಯಷ್ಟು ದಪ್ಪ ಪಟ್ಟಿ ಸುತ್ತಿದ. ಆಮೇಲೆ ನೇರ ಹೋಗಿ ವೈದ್ಯೆಗೆ ವರದಿ ಮಾಡಿದ: ಮನುಷ್ಯನ ರಕ್ತ ಚಿಂಪಾಂಜಿಗಳ ಬಾಯಿಗೆ ಹೋಗಿರಬಹುದು. ಸುಳ್ಳು ಹೇಳಿ ಗುಂಡಿಯಿಂದ ಎದ್ದವನು ಬಾವಿಗೆ ಬಿದ್ದಿದ್ದ. ಈಗ ಮೂವರಿಗೂ ಅರಿವಳಿಕೆ ಕೊಟ್ಟು ರಕ್ತ ತೆಗೆಯಲೇಬೇಕು, ಮೊದಲು ಟ್ರೂಸಳದು ಎಂದು ವೈದ್ಯೆ ಸಿರಿಂಜು ತುಂಬಿಸತೊಡಗಿದಳು. ಈ ವಯಸ್ಸಿಗೆ ಅರಿವಳಿಕೆ ಕೊಟ್ಟರೆ ಏಳುತ್ತಾಳೋ ಇಲ್ಲವೋ ಎಂದು ಅವಳೇ ಗೊಣಗಿಕೊಂಡಳು.

ಇನ್ನೊಂದೆರಡು ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಸಂಜೆ ಆಗುತ್ತದೆ, ಕೆಲಸ ಕಾಯಂ ಆಗುತ್ತದೆ ಎಂಬುದು ಅವನ ಲೆಕ್ಕ. ವಾಮನ ಹಲ್ಲು ಕಚ್ಚಿ ನಿಂತ. ಟ್ರೂಸ್ ಕಿರುಚಿದ್ದರೆ, ಓಡಿದ್ದರೆ, ಅವನು ಹಾಗೇ ನಿಂತಿರುತ್ತಿದ್ದನೋ ಏನೋ. ಅವಳು ಸಿರಿಂಜು ನೋಡಿದಳು. ಮೆಲ್ಲಗೆ ಎದ್ದು ಬಂದು, ಜಾಲರಿಗೆ ಒರಗಿ, ಯಾರೂ ಹೇಳದೆಯೇ ತೊಡೆ ಒಡ್ಡಿ ಕೂತಳು. ಕಣ್ಣು ಮಾತ್ರ ಗೋಡೆಯ ಕಡೆಗಿತ್ತು. ಎಷ್ಟು ಸಲ ಚುಚ್ಚಿದರೆ ಒಂದು ಜೀವ ಇಷ್ಟು ವಿಧೇಯವಾಗುತ್ತದೆ ಎಂದು ಯೋಚಿಸಿ ವಾಮನನಿಗೆ ಅಳು ಬಂತು, ತನ್ನ ಮೇಲೆ ಹೇಸಿಗೆಯೂ ಬಂತು.

"ಚುಚ್ಚಬೇಡಿ," ಅಂದ. "ಅದು ರಕ್ತ ಅಲ್ಲ. ನಾನು ಬಾಳೆಹಣ್ಣು ಕೊಟ್ಟೆ."

ಬೂಟಿನಿಂದ ಸಿಪ್ಪೆ ತೆಗೆದು ತೋರಿಸಿದ. ಬೆರಳಿನ ಪಟ್ಟಿ ಬಿಚ್ಚಿದ. ಅರಿಶಿನ, ಸುಣ್ಣ, ಕೊಬ್ಬರಿ ಎಣ್ಣೆ, ಆಂಜನೇಯಸ್ವಾಮಿ, ಮನೆಯೊಡತಿಯ ಗಂಡನ ಕೆಲಸ ಎಂದು ವಿವರಿಸಿದ. ಹೆಂಕನ ಮುಖ ನೋಡಿದರೆ, ಕೊರೊನಾ ವಾಮನನ ತಲೆಗೇ ಏರಿದೆ ಎಂದುಕೊಂಡಂತಿತ್ತು. ವೈದ್ಯೆ ಸಿಪ್ಪೆ ಮೂಸಿ ಸಿರಿಂಜು ಕೆಳಗಿಟ್ಟಳು. ಟ್ರೂಸ್ ಇನ್ನೂ ತೊಡೆ ಒಡ್ಡಿಕೊಂಡೇ ಕೂತಿದ್ದಳು, ಹೋಗಬಹುದು ಎಂದು ಅವಳಿಗೆ ಗೊತ್ತಾಗಲು ಬಹಳ ಹೊತ್ತು ಹಿಡಿಯಿತು.

ಸಂಜೆ ಇನೆಕೆಯ ಕೋಣೆಗೆ ವಾಮನ ಗಲ್ಲಿಗೇರುವವನ ಹಾಗೆ ಹೋದ. ಇನೆಕೆ ಬೈಯಲಿಲ್ಲ. ಮಾಡಿದ್ದು ದೊಡ್ಡ ತಪ್ಪು, ಸೋಂಕಿನ ಅನುಮಾನಕ್ಕೆ ಹತ್ತು ದಿನ ಯಾರನ್ನೂ ಸೇರದೆ ಮನೆಯಲ್ಲೇ ಇರು, ಆದರೆ ಕೊನೆಗಾದರೂ ನಿಜ ಹೇಳಿದೆ, ನಿನ್ನಂಥ ಪಾಲಕ ನಮಗೆ ಮತ್ತೆ ಸಿಗುವುದಿಲ್ಲ ಎಂದಳು. ವಾಮನನಿಗೆ ಜೀವ ಬಂತು. ಹಾಗಾದರೆ ನನ್ನ ಕೆಲಸ ಎಂದು ಮೆಲ್ಲಗೆ ಕೇಳಿದ.

ಅದಕ್ಕೂ ಬಾಳೆಹಣ್ಣಿಗೂ ಸಂಬಂಧವಿಲ್ಲ ಎಂದಳು ಇನೆಕೆ. ಅದು ಕಳೆದ ವಾರವೇ ತೀರ್ಮಾನವಾಗಿತ್ತು. ಲಾಕ್‌ಡೌನಿನಲ್ಲಿ ನೋಡಲು ಬರುವವರಿಲ್ಲ, ದೇಣಿಗೆಯಿಲ್ಲ, ಮನುಷ್ಯರು ಹತ್ತಿರ ಹೋದಷ್ಟೂ ಸೋಂಕಿನ ಭಯ. ಒಂದು ಕಂಪನಿಯವರು ಕ್ಯಾಮರಾ ಇಟ್ಟು, ಯಂತ್ರದಿಂದಲೇ ಊಟ ಹಂಚುವ ವ್ಯವಸ್ಥೆ ಮಾಡಿಕೊಡುತ್ತಾರೆ. ಬೇರೆ ಕಂಪನಿಗಳೂ ಬಂದಿದ್ದವು. ಆದರೆ ಇವರಿಗೆ ನಮ್ಮ ಒಂದೊಂದು ಚಿಂಪಾಂಜಿಯ ಸ್ವಭಾವವೂ ಗೊತ್ತಿತ್ತು, ಅದು ನೋಡಿ ಇವರಿಗೇ ಕೊಟ್ಟೆವು. ನಿನ್ನ ಜಾಗ ಮುಂದುವರಿಸಲು ಆಗುವುದಿಲ್ಲ, ಕ್ಷಮಿಸು. ಉಳಿದ ದಿನಗಳಲ್ಲಿ ನಿನಗೆ ಗೊತ್ತಿರುವುದನ್ನೆಲ್ಲ ಅವರಿಗೆ ಹೇಳಿಕೊಡು, ಅವರ ಪ್ರಾಜೆಕ್ಟಿನ ಮುಖ್ಯಸ್ಥ ಈಗ ಲೈನಿನಲ್ಲಿದ್ದಾನೆ.

ಅವಳು ಪರದೆ ತಿರುಗಿಸಿದಳು. ಮೊದಲು ಕಂಡದ್ದು ಹಳದಿ ಗೋಡೆ, ಗೋಡೆಯ ಮೇಲೆ ಆಂಜನೇಯಸ್ವಾಮಿಯ ಪಟ, ಪಟದ ಕೆಳಗೆ ಒಂದು ಹಣ್ಣು ಕಡಿಮೆಯಿದ್ದ ಬಾಳೆಹಣ್ಣಿನ ಚಿಪ್ಪು. ಅದರ ಮುಂದೆ ಇಸ್ತ್ರಿ ಶರ್ಟು ಹಾಕಿದ ರಾಕೇಶ್. ಮೊದಲ ಯಂತ್ರವನ್ನು ಅಜ್ಜಿ ಮೂಲೆಯಲ್ಲಿ ಕೂರಿಸುತ್ತೇವೆ ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದವನು, ಎದುರಿಗೆ ಕೂತವನನ್ನು ಕಂಡು ಅರ್ಧಕ್ಕೇ ನಿಲ್ಲಿಸಿದ.

"ಮೊದಲೇ ಹೇಳೋ ಹಾಗಿರಲಿಲ್ಲ ಕಣೋ," ಅಂದ ಕನ್ನಡದಲ್ಲಿ. "ಯಾರಿಗೂ ಹೇಳಲ್ಲ ಅಂತ ಸೈನ್ ಮಾಡಿಸ್ಕೊಂಡಿದ್ರು."

ನೀವಿಬ್ಬರೂ ಒಂದೇ ಭಾಷೆಯವರೇ, ಎಷ್ಟು ಅನುಕೂಲವಾಯಿತು ಎಂದು ಇನೆಕೆ ಸಂತೋಷಪಟ್ಟಳು.

ಕೋಪ ಬಂದರೆ ಎಲ್ಲಿಗೆ ಹೋಗುವುದು? ಹತ್ತು ದಿನ ಮನೆಯಲ್ಲೇ ಇರು ಎಂದಿದ್ದರು, ಮನೆಯೆಂದರೆ ರಾಕೇಶನದೇ. ವಾಮನ ಹಿಂಬಾಗಿಲಿನಿಂದ ಬಂದು, ಯಾರನ್ನೂ ನೋಡದೆ ಅಟ್ಟ ಹತ್ತಿದ. ಮೆಟ್ಟಿಲ ತಲೆಯಲ್ಲಿ ಮರದ ಕಂಬಿಗಳ ಕಟಕಟೆ. ಅದರೊಳಗೆ ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತ.

ಸ್ವಲ್ಪ ಹೊತ್ತಿಗೆ ಪದ್ಮಿನಿ ಮಾಸ್ಕು ಹಾಕಿಕೊಂಡು, ಪಟದ ಕೆಳಗಿದ್ದ ಬಾಳೆಹಣ್ಣಿನ ಚಿಪ್ಪು ಹಿಡಿದು ಮೆಟ್ಟಿಲೇರಿ ಬಂದಳು. ಅವಳ ಕಣ್ಣು ಕೆಂಪಾಗಿತ್ತು. ಅವಳಿಗೂ ಈಗ ತಾನೇ ಗೊತ್ತಾಗಿತ್ತು ಎಂದು ಕಾಣುತ್ತದೆ, ಏನು ಹೇಳಬೇಕೋ ತಿಳಿಯದೆ ಕೇಳಬಾರದ್ದನ್ನೇ ಕೇಳಿದಳು.

"ಕೈಯಲ್ಲೇ ಇಸ್ಕೊಂಡ್ಳಾ ವಾಮನ?"

"ಕೈಯಲ್ಲೇ ಇಸ್ಕೊಂಡ್ಳು ಅಕ್ಕ. ಪೂರ್ತಿ ತಿಂದ್ಳು."

ಕೆಳಗಿನಿಂದ ರಾಕೇಶನ ದನಿ ಬಂತು. ಹತ್ತಿರ ಹೋಗಬೇಡ, ಮೆಟ್ಟಿಲ ಮೇಲಿಟ್ಟು ಬಂದುಬಿಡು ಎನ್ನುತ್ತಿದ್ದ. ಪದ್ಮಿನಿ ಕೇಳಲಿಲ್ಲ. ಪ್ರಸಾದ, ಎಸೆಯಬಾರದು ಎಂದು, ಚಿಪ್ಪಿನಿಂದ ಒಂದು ಹಣ್ಣು ಮುರಿದು ಕಂಬಿಗಳ ಸಂದಿಯಲ್ಲಿ ಕೈ ಚಾಚಿದಳು.

ವಾಮನ ಅವಳ ಮುಖ ನೋಡಿದ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಹಣ್ಣು ತೆಗೆದುಕೊಂಡು ತಿಂದ. ಆಮೇಲೆ ಸಿಪ್ಪೆಯನ್ನು ನೀಟಾಗಿ ಮಡಚಿ, ಕಂಬಿಗಳ ಸಂದಿಯಿಂದ ಅವಳ ಕೈಗೆ ವಾಪಸು ಕೊಟ್ಟ.